ಚೆಂಡು ಮೊದಲು, ಹುಲ್ಲು ಆಮೇಲೆ

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಪಿರಿಯಾಪಟ್ಟಣದ ಹೈಸ್ಕೂಲೊಂದರಲ್ಲಿ ಆಟದ ಮೇಡಂ ಆಗಿದ್ದೆ. ಖೋಖೋ, ಥ್ರೋಬಾಲ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನನಗೆ ಗಾಲ್ಫ್ ಕಲಿಸಿದವರು ನಮ್ಮ ಬೀದಿಯ ಒಬ್ಬ ಮುದುಕರು. ಕೊಡಗಿನ ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿ, ಆಳುಗಳ ಹಾಜರಿ ಬರೆದು ನಿವೃತ್ತರಾದವರು. ತೋಟದ ಧಣಿ ಹೊಸ ಗಾಲ್ಫ್ ಕೋಲು ಕೊಂಡಾಗ ಹಳೆಯವನ್ನು ಇವರಿಗೆ ಕೊಟ್ಟಿದ್ದರಂತೆ. ಅವು ಉಕ್ಕಿನ ತಲೆಯ ಹಳೇ ಕಾಲದ ಕೋಲುಗಳು, ಬ್ಲೇಡ್ ಐರನ್‌ಗಳು. ತಲೆ ಚಾಕುವಿನಂತೆ ತೆಳ್ಳಗೆ. ಚೆಂಡು ತಾಗಬೇಕಾದ ಜಾಗ ಕೋಟಿನ ಗುಂಡಿಯಷ್ಟು. ಕೂದಲೆಳೆ ತಪ್ಪಿದರೂ ಬೆರಳಿನಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು.

ಊರಾಚೆಯ ಗೋಮಾಳದಲ್ಲಿ ಸಂಜೆ ಪಾಠ. ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು, ಅದರ ಮೇಲೆ ಚೆಂಡಿಡುತ್ತಿದ್ದರು.

"ಚೆಂಡನ್ನ ಎತ್ತಕ್ಕೋಗ್ಬೇಡ ಕಣಮ್ಮ. ಎತ್ತೋದು ಕೋಲಿನ ಕೆಲಸ. ನೀನು ಕೆಳಕ್ಕೆ ಹೊಡಿ. ಚೆಂಡು ಮೊದ್ಲು, ಹುಲ್ಲು ಆಮೇಲೆ. ಗೆರೆಯಿಂದಾಚೆ ಹುಲ್ಲು ಕಿತ್ರೆ ಸರಿ, ಈಚೆ ಕಿತ್ರೆ ತಪ್ಪು."

ಹಿಡಿತ ಸಡಿಲವಿರಬೇಕು, ಭಾರ ಎಡಗಾಲಿಗೆ ಇಳಿಯಬೇಕು, ಕೋಲು ಚೆಂಡಿಗೆ ತಾಗುವ ಹೊತ್ತಿಗೆ ಕೈಗಳು ಅದಕ್ಕಿಂತ ಮುಂದಿರಬೇಕು. ಇಷ್ಟು ಮೈಗೆ ಹತ್ತಲು ಒಂದು ಬೇಸಿಗೆ, ಒಂದು ಮಳೆಗಾಲ ಹಿಡಿಯಿತು. ದನ ಮೇಯಿಸುತ್ತಿದ್ದ ಹೆಂಗಸೊಬ್ಬಳು, "ಅದ್ಯಾಕವ್ವ ಅಂಗೆ ನೆಲ ಕೆತ್ತೀಯೆ? ದನಕ್ಕೂ ಒಸಿ ಹುಲ್ಲು ಬುಡು" ಎಂದು ನಗುತ್ತಿದ್ದಳು. ನಾನು ಕಿತ್ತ ಹುಲ್ಲನ್ನೆಲ್ಲ ಮತ್ತೆ ಅದರ ಜಾಗಕ್ಕೇ ಕೂರಿಸಿ ತುಳಿಯುತ್ತಿದ್ದೆ.

ಕೊಡಗಿನ ಗಾಲ್ಫ್ ಕ್ಲಬ್ಬೊಂದರಲ್ಲಿ ಒಂದು ಭಾನುವಾರ ಹೊರಗಿನವರಿಗೂ ಆಡಲು ಬಿಡುತ್ತಾರೆಂದು ಮುದುಕರು ನನ್ನನ್ನು ಬಸ್ಸಿನಲ್ಲಿ ಕರೆದೊಯ್ದರು. ನಾನು ಏಳನೇ ನಂಬರಿನ ಕೋಲು ಹಿಡಿದು ನಿಂತೆ. ಹೊಡೆದೆ. ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ, ಅಷ್ಟು ಸರಿಯಾಗಿತ್ತು. ಚೆಂಡು ತಗ್ಗಿನಲ್ಲೇ ಹೊರಟು, ಮೇಲೇರಿ, ಗುಳಿಯ ಬಾವುಟದ ಪಕ್ಕ ಬಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಚೆಂಡನ್ನು ನೋಡಲೇ ಇಲ್ಲ. ಕಿತ್ತುಬಂದ ಅಂಗೈಯಗಲ ಹುಲ್ಲನ್ನು ನೋಡಿ, "ಏನ್ರೀ ಇದು? ಹೊಲ ಉಳೋಕೆ ಬಂದಿದ್ದೀರಾ?" ಎಂದ.

ಸುತ್ತಲಿದ್ದವರು ನಕ್ಕರು. ಅವನು ನನ್ನ ಕೋಲು ಕಿತ್ತುಕೊಂಡು, "ಹೆಂಗಸರು ಹೀಗೆ ಮೆಲ್ಲಗೆ ಎತ್ತಬೇಕು" ಎಂದು ತೋರಿಸಿದ. ಚೆಂಡು ನೆತ್ತಿಗೆ ಪೆಟ್ಟು ತಿಂದು ಚರಂಡಿಗೆ ಉರುಳಿತು. ತಪ್ಪು ಕೋಲಿನದಂತೆ! ಅವನ ಹಿಂದೆಯೇ ಸದಸ್ಯನೊಬ್ಬ ನಾನು ಕಿತ್ತದ್ದರ ಎರಡರಷ್ಟು ಹುಲ್ಲು ಹಾರಿಸಿದ. ಅವನಿಗೆ ಚಪ್ಪಾಳೆ.

ನಮ್ಮಪ್ಪ ಹೊಲ ಉತ್ತೇ ನನ್ನನ್ನು ಓದಿಸಿದ್ದು. "ಉಳೋರಿಗೆ ಎಷ್ಟು ಆಳ ಹೋಗ್ಬೇಕು ಅಂತ ಗೊತ್ತಿರುತ್ತೆ ಸಾರ್. ನಿಮಗೆ ಚೆಂಡೇ ಸಿಗಲಿಲ್ಲ" ಎಂದೆ.

ಆಗ ನಮ್ಮ ಮುದುಕರು ಮುಂದೆ ಬಂದರು. ನನ್ನ ಪರ ಮಾತಾಡಲಿಕ್ಕಲ್ಲ. ಕೈಮುಗಿದು, "ತಪ್ಪಾಯ್ತು ಸಾರ್, ಹುಡುಗಿಗೆ ತಿಳೀದು" ಎಂದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದೆ. ಕಾರ್ಯದರ್ಶಿ ಯಾರೋ ಏನೋ, ಇವರು? ಸುಣ್ಣದ ಗೆರೆ ಎಳೆದ ಕೈ ಅದು. ಯಾವುದು ಸರಿಯೆಂದು ಇವರಿಗೆ ಗೊತ್ತಿರಲಿಲ್ಲವೇ?

ಎರಡು ವಾರ ಗೋಮಾಳದ ಕಡೆ ತಲೆಹಾಕಲಿಲ್ಲ. ಕೊನೆಗೆ ಅವರೇ ಶಾಲೆಗೆ ಬಂದರು, ಹೆಗಲ ಮೇಲೆ ಕೋಲುಗಳ ಚೀಲ.

"ನಾನು ಬಾಯ್ಬಿಡ್ಬೇಕಿತ್ತು ಕಣಮ್ಮ. ಆ ಧಣಿಗಳ ಕ್ಲಬ್ಬಿನ ಗೇಟೊಳಗೆ ಕಾಲಿಟ್ರೆ ಕೈ ತಾನಾಗೇ ಮುಗಿಯುತ್ತೆ, ಏನ್ ಮಾಡ್ಲಿ?"

"ನಂಗೇನೂ ತಿಳೀದು ಅಂದ್ರಲ್ಲ, ಅದು?"

ಅವರು ಚೀಲವನ್ನು ಮೇಜಿಗೊರಗಿಸಿ, ಕೋಲುಗಳನ್ನು ನನಗೇ ಬಿಟ್ಟು ಹೊರಟರು.

ಮರುದಿನದಿಂದ ಶಾಲೆಯ ಮೈದಾನದಲ್ಲೇ ಎಂಟನೇ ತರಗತಿಯ ಹುಡುಗಿಯರಿಗೆ ಆ ಕೋಲು ಹಿಡಿಯುವುದನ್ನು ಕಲಿಸತೊಡಗಿದೆ. ಮುದುಕರು ಬಂದು ಬೇಲಿಯಾಚೆ ನಿಲ್ಲುತ್ತಿದ್ದರು. ವಾರ ಕಳೆದ ಮೇಲೆ ನಾನೇ ಒಳಗೆ ಕರೆದೆ. ಸಿಟ್ಟು ಆರಿತ್ತೆಂದಲ್ಲ. ಇವತ್ತಿಗೂ ಪೂರ್ತಿ ಆರಿಲ್ಲ.