ಕಾಗಿಣಾ ಹೊಳೆಯ ನಡುವೆ ನಿಂತ ಮೋಟಾರು

1953ರ ಮಳೆಗಾಲದಲ್ಲಿ ನಾನು ಶಹಾಬಾದಿನ ಒಂದು ಸರ್ಕಾರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನನ್ನ ಕೈ ಪಳಗಿದ್ದು ಲಾರಿ, ರೋಡ್ ರೋಲರ್‌ಗಳಲ್ಲಿ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರನ್ನು ಅಲ್ಲಿಯವರೆಗೆ ಬಿಚ್ಚಿರಲಿಲ್ಲ. ಕಾಗಿಣಾ ಹೊಳೆಗೆ ನೆರೆ ಬಂದಾಗ ಬೇಕಾದೀತೆಂದು ಮಿಲಿಟರಿಯ ಹಳೆಯ ಸಾಮಾನಿನಲ್ಲಿ ಕೊಂಡ ಎರಡು ಮೋಟಾರುಗಳು ಗೋದಾಮಿನಲ್ಲಿದ್ದವು. ಹೊಳೆ ಏರತೊಡಗಿದಾಗ ಹೊರಗೆ ತಂದರು. ಹಗ್ಗ ಎಳೆದೆಳೆದು ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದೂ ಚಾಲೂ ಆಗಲಿಲ್ಲ.

ಓವರ್‌ಸಿಯರ್ ಸಾಹೇಬರಿಗೆ ನಂಬಿಕೆಯಾಗಲಿಲ್ಲ. "ಹ್ಯಾಂಗ್ ಮಿಂಚಲಿಕತ್ತಾವ ನೋಡ್ರಿ ಮೇಸ್ತ್ರಿ! ವರ್ಷಾ ವರ್ಷಾ ನಾನೇ ನಿಂತು ಬಣ್ಣ ಹೊಡಿಸೀನಿ."

ಹೊರಗೆ ಹಸಿರು ಬಣ್ಣ ನಿಜಕ್ಕೂ ಮಿಂಚುತ್ತಿತ್ತು. ಒಳಗಿನದು ಬೇರೆ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ ಕಾರ್ಬ್ಯುರೇಟರ್. ಅದನ್ನು ಬಿಚ್ಚಿದೊಡನೆ ಕೊಳೆತ ನಾತ ಮೂಗಿಗೆ ಹೊಡೆಯಿತು. ಎಂದೋ ತುಂಬಿಟ್ಟ ಪೆಟ್ರೋಲ್ ಒಣಗಿ ಕರಿ ಬೆಲ್ಲದ ಪಾಕದಂತೆ ಅಂಟಿತ್ತು. ಅದರಲ್ಲಿ ಸತ್ತ ಜಿರಲೆಗಳು ಹೂತುಹೋಗಿದ್ದವು. ಪೆಟ್ರೋಲಿನ ಮಟ್ಟ ಕಾಯುವ ಬೆಂಡಿನ ತುಂಡು ಮೆತ್ತಗಾಗಿ ಉಗುರಿಗೆ ಕಿತ್ತುಬರುತ್ತಿತ್ತು.

ಗಾಳಿ ಹೊಡೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಪೆಟ್ರೋಲ್ ಹಾಯುವ, ಸೂಜಿಗಣ್ಣಿಗಿಂತ ಸಣ್ಣ ತೂತಿನ ಜೆಟ್ಟುಗಳನ್ನು ಬಾಯಿಂದಲೇ ಊದಿದೆ. ಒಂದು ಜೆಟ್ಟಿನ ಅಂಟು ಕಳಚಿ ನನ್ನ ನಾಲಗೆಗೇ ಬಂತು. ಹೊರಗೋಡಿ ವಾಂತಿ ಮಾಡಿದೆ. ಆಮೇಲೆ ಬೆಲ್ಲ ತಿಂದರೂ, ಉಪ್ಪುನೀರು ಮುಕ್ಕಳಿಸಿದರೂ ಆ ರುಚಿ ಹೋಗಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಯಲ್ಲೂ ಅದೇ.

ಎರಡೂ ಮೋಟಾರುಗಳ ಸಾಮಾನು ಸೇರಿಸಿ ಒಂದನ್ನು ಕಟ್ಟಿದೆ. ಬೆಂಡನ್ನು ಒಣಗಿಸಿ, ಪೆಟ್ರೋಲ್ ಹೀರದಂತೆ ಬಡಿಗರ ಅರಗು ಬಳಿದೆ. ದಪ್ಪ ಕಾಗದ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಸಂದಿನಲ್ಲಿ ಸೋರದಂತೆ ಇಡುವ ಗ್ಯಾಸ್ಕೆಟ್ ಮಾಡಿದೆ. ನೀರಿನ ಡ್ರಮ್ಮಿನಲ್ಲಿಟ್ಟು ಎಳೆದಾಗ ಗುಡುಗುಟ್ಟಿತು. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಸುರಿಯುತ್ತಲೇ ಓಡಿಸಿದೆ. ನಿಲ್ಲಲಿಲ್ಲ.

ಮರುದಿನವೇ ಕರೆ ಬಂತು. ಹೊಳೆಯ ನಡುಗಡ್ಡೆಯ ಹೊಲದಲ್ಲಿ ಕಳೆ ತೆಗೆಯಲು ಹೋದ ಹೆಂಗಸರು ಸಿಕ್ಕಿಬಿದ್ದಿದ್ದರು. ದೋಣಿ ನಡೆಸುವವನು ಹೊಳೆದಂಡೆಯ ಅಂಬಿಗರ ಭೀಮಣ್ಣ, ಮೋಟಾರಿಗೆ ನಾನು. ಅರ್ಧ ಹೊಳೆ ದಾಟಿರಬೇಕು, ಮೋಟಾರು ಕೆಮ್ಮಿತು, ನಿಂತಿತು. ದೋಣಿ ಅಡ್ಡ ತಿರುಗಿ ಕೆಳಗೆ ಓಡತೊಡಗಿತು.

"ಭೀಮಣ್ಣ, ಏನ್ ಮಾಡೋಣು?" ಎಂದು ಕೂಗಿದೆ.

"ದೋಣಿ ನಾ ಹಿಡೀತೀನ್ರಿ, ನೀವು ಮೋಟಾರ್ ನೋಡ್ರಿ!" ಎಂದು ಅವನು ಹುಟ್ಟು ಹಾಕಿದ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು.

ಪೆಟ್ರೋಲ್ ಇದೆಯೇ ನೋಡೋಣವೆಂದು ಮುಚ್ಚಳ ಸಡಿಲಿಸಿದೆ. ಟ್ಯಾಂಕು ಸುಸ್ಸೆಂದು ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತಿರುತ್ತದೆ. ಅದು ಮುಚ್ಚಿದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ವರ್ಷಾ ವರ್ಷಾ ಹೊಡೆಸಿದ ಬಣ್ಣ ಆ ತೂತನ್ನು ಕಲ್ಲಿನಂತೆ ಮುಚ್ಚಿತ್ತು. ಹಿಂದಿನ ದಿನ ಡ್ರಮ್ಮಿನಲ್ಲಿ ಮುಚ್ಚಳ ತೆಗೆದೇ ಓಡಿಸಿದ್ದರಿಂದ ಅದು ನನಗೆ ಗೊತ್ತಾಗಿರಲಿಲ್ಲ. ಮುಚ್ಚಳವನ್ನು ಸಡಿಲವಾಗಿಯೇ ಬಿಟ್ಟು ಹಗ್ಗ ಎಳೆದೆ. ಮೋಟಾರು ಚಾಲೂ ಆಯಿತು.

ಹೆಂಗಸರನ್ನೆಲ್ಲ ದಂಡೆಗೆ ತಂದೆವು. ಒಬ್ಬ ಮುದುಕಿ ಭೀಮಣ್ಣನ ಗದ್ದ ಹಿಡಿದು ಅತ್ತಳು. ನಾನು ಅಲ್ಲೇ ಕುಳಿತು ಚಾಕುವಿನಿಂದ ಮುಚ್ಚಳ ಕೆರೆಯುತ್ತಿದ್ದೆ. ಓವರ್‌ಸಿಯರ್ ಓಡಿಬಂದರು.

"ಏ, ಬಣ್ಣ ಯಾಕ ಕೆರೀಲಿಕತ್ತೀರಿ? ನಾಳಿಗಿ ದೊಡ್ಡ ಸಾಹೇಬ್ರು ನೋಡ್ಲಿಕ್ಕ ಬರ್ತಾರ!"

ನಾನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಬರ್ಲಿ ಬಿಡ್ರಿ. ಅವರನ್ನೂ ದೋಣ್ಯಾಗ ಕೂಡಿಸ್ಕೊಂಡು ಹೊಳಿ ನಡಕ ಒಯ್ತೀನಿ" ಎಂದೆ. ಅವರು ಮುಖ ಗಂಟಿಕ್ಕಿ ಹೋದರು. ಮರುದಿನ ದೊಡ್ಡ ಸಾಹೇಬರು ಬಂದರು, ದಂಡೆಯಿಂದಲೇ ನೋಡಿ ಹೊಗಳಿ ಹೋದರು. ದೋಣಿ ಹತ್ತಲಿಲ್ಲ.

ಆಮೇಲಿನ ನೌಕರಿಯುದ್ದಕ್ಕೂ ಒಂದು ಹಟ ಹಿಡಿದೆ. ಯಾವ ಯಂತ್ರವೇ ಇರಲಿ, ಮುಚ್ಚಳ ಬಿಗಿದು, ಭಾರ ಹೊರಿಸಿ, ಬಿಸಿಯಾಗುವವರೆಗೆ ದುಡಿಸಿ ನೋಡದೆ ಅದು ಸರಿಯಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮೇಲಧಿಕಾರಿಗಳು ನನ್ನನ್ನು ಮೊಂಡನೆಂದರು. ಅನ್ನಲಿ. ನಂಬಿ ಹತ್ತಿದವರು ಹೊಳೆಯ ನಡುವೆ ಇರುತ್ತಾರೆ, ಹೇಳಿದವನು ದಂಡೆಯ ಮೇಲಿರುತ್ತಾನೆ.