ಬೆಳ್ಳಿ ನಾಣ್ಯದ ಮೇಲೆ ಕಂಡ ಕಲೆ

ಮೊನ್ನೆ ಟಂಕಸಾಲೆಯಿಂದ ಹೊಸ ಸ್ಮರಣಾರ್ಥ ನಾಣ್ಯಗಳ ಸೆಟ್ ಬಂತು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೊಸ ಮಖಮಲ್ಲು ಮತ್ತು ಅಂಟು ಬೆರೆತ ವಾಸನೆ. ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಬಾಯಾರು ನೆನಪಾದರು. ಅವರ ಪಡಸಾಲೆಯ ಕಪಾಟು ತೆರೆದರೆ ಇದೇ ವಾಸನೆ ಬರುತ್ತಿತ್ತು…

ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಒಬ್ಬರೇ ಇದ್ದರು. ಹೊಸ ಸೆಟ್ ಬಂತೆಂದರೆ ನಮ್ಮ ಕಡೆ ಮೊದಲು ತರಿಸುವವರು ಅವರೇ. ಕನ್ನಡಿಯಂತೆ ಹೊಳೆಯುವ ನಾಣ್ಯಗಳು ಪ್ಲಾಸ್ಟಿಕ್ಕಿನೊಳಗೆ ಸೀಲಾಗಿ ಬರುತ್ತಿದ್ದವು. ಆ ಸೀಲು ಒಡೆಯಬಾರದು, ನಾಣ್ಯಕ್ಕೆ ಬೆರಳು ತಾಗಿಸಬಾರದು ಎಂಬುದು ಸಂಗ್ರಾಹಕರ ಕಟ್ಟಳೆ. ಬಾಯಾರು ಅದನ್ನು ಮಡಿಯಂತೆ ಪಾಲಿಸುತ್ತಿದ್ದರು.

ಒಂದು ಮುಂಜಾನೆ ಕಟ್ಟೆಯ ಮೇಲೆ ನಿಂತು ನನ್ನನ್ನು ಕರೆದರು.

“ತಮ್ಮಾ, ಇಲ್ಲೆ ಬಾ. ಈ ಬೆಳ್ಳಿ ನಾಣ್ಯದ ನಡಕ ಕಲಿ ಬಿದ್ದೈತಿ ನೋಡು.”

ಬಿಸಿಲಿಗೆ ಹಿಡಿದು ನೋಡಿದೆ. “ಏನೂ ಇಲ್ರಿ ಬಾಯಾರ.”

“ನಿನಗ ಗೊತ್ತಾಗಂಗಿಲ್ಲ ಬಿಡು,” ಎಂದು ಕಸಿದುಕೊಂಡರು.

ಆಮೇಲೆ ಅವರಿಗೆ ನೆಮ್ಮದಿಯೇ ಇರಲಿಲ್ಲ. ಒಳಗೆ ತೇವ ಹೊಕ್ಕಿರಬೇಕೆಂದು ಡಬ್ಬಿಯನ್ನು ಅಕ್ಕಿಯಲ್ಲಿ ಹುಗಿದಿಟ್ಟರು. ಕಪಾಟನ್ನು ಗೋಡೆಯಿಂದ ಸರಿಸಿದರು. ಬೆಳಗಾದರೆ ಸಾಕು, “ಇವತ್ತ ಇನ್ನೂ ದೊಡ್ಡದಾಗೈತಿ,” ಎನ್ನುತ್ತಿದ್ದರು. ನಾನು ಇಲ್ಲ ಎಂದರೆ ಸಿಟ್ಟು, ಹೌದು ಎಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು.

ಹಾನಗಲ್ಲಿನಲ್ಲಿ ಬಟ್ಟೆ ಅಂಗಡಿಯೊಂದರ ಅಟ್ಟದ ಮೇಲೆ ನಾವು ಕೆಲವು ಸಂಗ್ರಾಹಕರು ಆಗಾಗ ಸೇರುತ್ತಿದ್ದೆವು. ಬಾಯಾರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದರು. ಅಂಗಡಿಯ ಸಾಹುಕಾರರು ನೋಡಿದ್ದೇ ತಡ, “ಹೌದ್ರಿ, ಮಬ್ಬ ಕಾಣತೈತಿ. ಮ್ಯಾಲಿಂದ ಮ್ಯಾಲ ಸೆಟ್ ಹೊರಗ ಬಿಟ್ರ ಕೆಲಸ ಹೆಂಗ ಛಲೋ ಆಗಬೇಕು?” ಎಂದರು. ಸಾಹುಕಾರರು ಅಂದಮೇಲೆ ಹಿರೇಕೆರೂರಿನ ವಕೀಲರಿಗೂ ಕಲೆ ಕಂಡಿತು. “ಸೀಲ್ ಮಾತ್ರ ಒಡೀಬ್ಯಾಡ್ರಿ. ಒಡದ್ರ ಅದು ಸೆಟ್ಟ ಅಲ್ಲ. ಬದಲಿ ಕೊಡ್ರಿ ಅಂತ ಟಂಕಸಾಲಿಗೆ ಬರೀರಿ,” ಎಂದರು. ಹುಲಗೂರಿನಿಂದ ಬಂದಿದ್ದ ಹಳೆ ನಾಣ್ಯದ ವ್ಯಾಪಾರಿಗೆ ಇಂಥ ಸೆಟ್ಟುಗಳೆಂದರೆ ಆಗದು. “ಸಂತ್ಯಾಗ ಕೈ ಬದಲಾಗದ್ದು ಎಂಥ ನಾಣ್ಯಾರಿ?” ಎಂದು ಮುಖ ತಿರುಗಿಸಿದರು.

ವಾದ ಏರಿತು. ಬಾಯಾರು ಮಾತ್ರ ವ್ಯಾಪಾರಿಯ ಮುಖವನ್ನೇ ನೋಡುತ್ತ ಕುಳಿತಿದ್ದರು. ಮೆಲ್ಲಗೆ ಒಂದು ಕಣ್ಣು ಮುಚ್ಚಿದರು. ತೆರೆದು ಇನ್ನೊಂದನ್ನು ಮುಚ್ಚಿದರು.

“ನಿಮ್ಮ ಮಾರಿ ಮ್ಯಾಲೂ ಐತ್ರಿ ಅದು…” ಎಂದರು.

ಸಾಹುಕಾರರು ತಲೆ ತಗ್ಗಿಸಿ ಚಹಾ ತರಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಬಾಯಾರು ಡಬ್ಬಿಯನ್ನು ನನ್ನ ಕೈಗಿಟ್ಟರು. ಆಮೇಲೆ, “ನನಗ ಕಣ್ಣಿನ ಮ್ಯಾಲ ಸಂಶೇ ಇತ್ತು ತಮ್ಮಾ. ನಾಣ್ಯಾನ ಕೆಟ್ಟಿರ್ಲಪ್ಪಾ ಅಂತ ದೇವರಿಗೆ ಬೇಡಕೊಳ್ಳಾಕತ್ತಿದ್ದೆ,” ಎಂದರು. ದವಾಖಾನೆಯಲ್ಲಿ ಆಯುಷ್ಯ ಕಳೆದವರು ದವಾಖಾನೆಗೆ ಹೋಗಲು ಅಂಜುತ್ತಿದ್ದರು.

ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪರದೆ ಸವೆದಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಇಂಜೆಕ್ಷನ್ನುಗಳಾದವು. ಆದರೂ ಕಲೆ ಹರಡುತ್ತಲೇ ಹೋಯಿತು. ಅಂಚಿನಲ್ಲಿ ಕಾಣುತ್ತಿತ್ತು, ನಡುವೆ ಏನೂ ಇಲ್ಲ. ಬಂದವರ ಗುರುತು ದನಿಯಿಂದ ಹಿಡಿಯತೊಡಗಿದರು…

ಆ ಮಳೆಗಾಲ ಮುಗಿದ ಮೇಲೆ ಮತ್ತೆ ಹಾನಗಲ್ಲಿಗೆ ಬಂದರು. ಅಟ್ಟ ಹತ್ತಿ ಕುಳಿತು, “ಸಾಹುಕಾರ್ರ, ಒಂದು ಕತ್ತರಿ ಕೊಡ್ರಿ,” ಎಂದರು. ಕೊಟ್ಟರು. ಬಾಯಾರು ಸೆಟ್ಟಿನ ಪ್ಲಾಸ್ಟಿಕ್ಕಿಗೆ ಕತ್ತರಿ ಹಾಕಿದರು.

“ಬ್ಯಾಡ್ರಿ ಬಾಯಾರ!” ವಕೀಲರು ಎದ್ದೇ ಬಿಟ್ಟರು.

ಅವರು ಕೇಳಲಿಲ್ಲ. ಬೆಳ್ಳಿ ನಾಣ್ಯವನ್ನು ಬರಿಗೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿದರು. ಮೊದಲು ಅಂಚಿನ ಹಲ್ಲುಗಳು, ಆಮೇಲೆ ಸಿಂಹಗಳು.

“ಜೂಲು ಕೈಗೆ ಹತ್ತತೈತಿ ನೋಡ್ರಿ! ಇಷ್ಟು ವರ್ಷ ಬರೇ ನೋಡಿದ್ದೆ,” ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರ ನಗು ಕೇಳಿದ್ದು ಅವತ್ತೇ.

ಆಮೇಲೆ ಕಪಾಟಿನ ಸೆಟ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಸಂಜೆ ನಾನು ಅಕ್ಷರ ಓದಿ ಹೇಳುವುದು, ಅವರು ಬೆರಳಿಂದ ಹುಡುಕುವುದು. ಹೋದ ಚಳಿಗಾಲದಲ್ಲಿ ಕಫ ಕಟ್ಟಿ ತೀರಿಕೊಂಡರು. ಚಿಕ್ಕೇರೂರಿನ ತಂಗಿಯ ಮಗಳು ಬಂದು ಡಬ್ಬಿಗಳನ್ನು ಒಯ್ದಳು.

ಮೊನ್ನೆ ಬಂದ ಸೆಟ್ಟಿನ ಬಗ್ಗೆ ಅಟ್ಟದ ಮೇಲೆ ಜಗಳವೋ ಜಗಳ. ಕೆತ್ತನೆ ತೆಳು ಎಂದು ಒಬ್ಬರು, ಇದಕ್ಕಿಂತ ಒಳ್ಳೆಯದು ಬಂದೇ ಇಲ್ಲ ಎಂದು ಇನ್ನೊಬ್ಬರು. ವಕೀಲರು ಮಾತಿನ ನಡುವೆ ತಡೆದರು.

“ಬಾಯಾರು ಇದ್ದಿದ್ರ ಏನಂತಿದ್ರೋ…”

ಸಾಹುಕಾರರು ಕತ್ತರಿ ತಂದು ಸೆಟ್ಟಿನ ಪಕ್ಕಕ್ಕಿಟ್ಟರು.