ಉತ್ತರ ಬರೋ ತನಕ ಮುಚ್ಚಬಾರದು
ನಮ್ಮ ಆಫೀಸಿನ ಪ್ರೋಗ್ರಾಮರ್‌ಗೆ ಸುಮ್ಮನೆ ನಿಂತು ಕಾಯೋದು ಅಂದ್ರೆ ಮೈಯೆಲ್ಲ ಉರಿ. ಅವನು ಬರೆದ ಪ್ರತಿ ಸ್ಕ್ರಿಪ್ಟೂ ತನ್ನ ಹೊಟ್ಟೆಯೊಳಗೇ ಕೂತ ಪುಟ್ಟ ಡೇಟಾಬೇಸಿಗೆ ಹುಡುಕಬೇಕಾದ ಮಾಹಿತಿಯ ಗುರುತಾಗಿ ಒಂದು ಕೀ ಕೊಟ್ಟು, "ಸಿಕ್ಕಾಗ ಕೂಗು" ಅಂದು ಮುಂದಿನ ಕೆಲಸಕ್ಕೆ ಓಡುತ್ತದೆ. ಕ್ಯಾಂಟೀನಿನಲ್ಲೂ ಅಷ್ಟೇ, ಚಹಾ ಹೇಳಿ ಬಂದು ಕೂತುಬಿಡುತ್ತಾನೆ; ಅದು ತಣ್ಣಗಾದ ಮೇಲೆ ಯಾರೋ ಪುಣ್ಯಾತ್ಮರು ತಂದಿಡಬೇಕು. ಆದರೆ ಉತ್ತರ ಬರುವ ಮೊದಲೇ ಡೇಟಾಬೇಸ್ ಮುಚ್ಚಿದವರನ್ನು ಕಂಡರೆ ಕೆಂಡಾಮಂಡಲ: "ಕೇಳಿದ್ದು ಬಾಕಿ ಇರೋವಾಗ ಬಾಗಿಲು ಹಾಕ್ತಾರೇನ್ರೀ? ಬಂದ ಉತ್ತರ ಎಲ್ಲಿಗೆ ಹೋಗ್ಬೇಕು?" ತಿರುಗಿ ಬರ್ತೀಯಾ ಅಂತ ಅವನು ಕೇಳಿದ್ದಕ್ಕೆ, ತವರು ಸೇರಿದ ಹೆಂಡತಿ "ಯೋಚಿಸಿ ಹೇಳ್ತೀನಿ" ಅಂದು ವರ್ಷಗಳೇ ಆದವು. ಅವನ ಪಕ್ಕದ ಮನೆಯವನು ನಾನು. ಕಳ್ಳ ಬಂದು ಪಾತ್ರೆಪಗಡ ಸಮೇತ ಗುಡಿಸಿಕೊಂಡು ಹೋದ ಮೇಲೂ ಅವನು ಮುಂಬಾಗಿಲಿನ ಚಿಲಕ ಹಾಕಿಲ್ಲ.